‘ಹಾಸನ’ ಹುಡುಕಿದರೆ ‘ಸಿಂಹಾಸನ’ ಸಿಗುವುದು ಏಕೆ?

ಮಾನ್ಯ ಸಂಪಾದಕರೇ,

ಕನ್ನಡ ಜಾಲತಾಣಗಳ ಹುಡುಕು ಪೆಟ್ಟಿಗೆಯಲ್ಲಿ ‘ಹಾಸನ’ ಎಂದು ಕೊಟ್ಟರೆ ಮೈಸೂರು ದಸರೆಯ ಸಿಂಹಾಸನದ ಸುದ್ದಿ ಬರುತ್ತದೆ. ‘ಕೊಪ್ಪ’ ಎಂದರೆ ಕೊಪ್ಪಳ ಜಿಲ್ಲೆಯದೆಲ್ಲ ಬಂದು ಬೀಳುತ್ತದೆ. ‘ಬೇಲೂರು’ ಎಂದರೆ ಕೆಲವು ಕಡೆ ಏನೂ ಸಿಗುವುದಿಲ್ಲ. ಏಕೆ ಎಂದು ಕೇಳಿದರೆ ‘ಕಂಪ್ಯೂಟರ್ ಇನ್ನೂ ಕನ್ನಡಕ್ಕೆ ಒಗ್ಗಿಲ್ಲ’ ಎಂಬ ಉತ್ತರ. ಆ ಉತ್ತರ ಸರಿಯಲ್ಲ. ಕಂಪ್ಯೂಟರ್ ಹೇಳಿದಷ್ಟನ್ನೇ ಮಾಡುತ್ತಿದೆ, ಹೇಳುವವರು ಇಂಗ್ಲಿಷ್ ಪದಗಳಿಗೆ ಹೊಲಿದ ಅಳತೆಯನ್ನು ಹಾಗೇ ಕನ್ನಡಕ್ಕೆ ತೊಡಿಸುತ್ತಿದ್ದಾರೆ. ಪದ ಹುಡುಕಲು ಪ್ರೋಗ್ರಾಮರ್‌ಗಳು ಬಳಸುವ ರೆಗ್ಯುಲರ್ ಎಕ್ಸ್‌ಪ್ರೆಷನ್, ಅಂದರೆ ರೆಜೆಕ್ಸ್, ಕನ್ನಡದಲ್ಲಿ ಎಲ್ಲಿ ಎಡವುತ್ತದೆ, ಅದನ್ನು ಹೇಗೆ ಸರಿಪಡಿಸಬಹುದು ಎಂಬುದನ್ನು ನಮ್ಮ ಎರಡು ಜಿಲ್ಲೆಗಳ ಊರ ಹೆಸರುಗಳಿಂದಲೇ ತೋರಿಸಬಹುದು. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳು ದಯವಿಟ್ಟು ಗಮನಿಸಬೇಕು.

ಮೊದಲು ತಿಳಿಯಬೇಕಾದ್ದು, ರೆಜೆಕ್ಸ್ ನೋಡುವುದು ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತವನ್ನು, ಅಂದರೆ ಕಂಪ್ಯೂಟರ್‌ಗಳಲ್ಲಿ ಪ್ರತಿ ಲಿಪಿಚಿಹ್ನೆಗೂ ಕೊಟ್ಟಿರುವ ಸಂಖ್ಯೆಯನ್ನು. ‘ಹಾಸನ’ ನಮಗೆ ಮೂರು ಅಕ್ಷರ, ಯಂತ್ರಕ್ಕೆ ನಾಲ್ಕು ಸಂಕೇತ: ಹ, ಅದರ ದೀರ್ಘ, ಸ, ನ. ‘ಚಿಕ್ಕಮಗಳೂರು’ ನಮಗೆ ಆರು, ಯಂತ್ರಕ್ಕೆ ಹನ್ನೊಂದು. ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಮಾಡುವ ಹಲಂತ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ ಇದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ ದಶಮಾಂಶ ಲೆಕ್ಕದಲ್ಲಿ 3200ರಿಂದ 3327ರವರೆಗೆ, ಒಟ್ಟು 128 ಮನೆ.

ಹೀಗಾಗಿ ಬರಿಯ ‘ಹಾಸನ’ವನ್ನೇ ಪ್ಯಾಟರ್ನ್ ಆಗಿ ಕೊಟ್ಟರೆ ಆ ನಾಲ್ಕು ಸಂಕೇತ ಸಾಲಾಗಿ ಎಲ್ಲಿ ಕಂಡರೂ ಹೊಂದಿಕೆ ಆಗುತ್ತದೆ. ಸಿಂಹಾಸನದಲ್ಲಿ ಅವು ಹಾಗೇ ಇವೆ. ‘ಮಗಳ’ ಎಂದು ಹುಡುಕಿದರೆ ಚಿಕ್ಕಮಗಳೂರು ಸಿಗುವುದೂ ಇದೇ ಕಾರಣಕ್ಕೆ. ಹುಡುಕಾಟದಲ್ಲಾದರೆ ಬೇಡದ ಫಲಿತಾಂಶ ಬಂದಿತು, ಅಷ್ಟೇ. ಹುಡುಕಿ ಬದಲಿಸುವ ಕೆಲಸದಲ್ಲಾದರೆ ಪಠ್ಯವೇ ಕೆಡುತ್ತದೆ. ‘ಮರ’ವನ್ನು ‘ವೃಕ್ಷ’ ಎಂದು ಬದಲಿಸಲು ಹೇಳಿದರೆ ‘ಮರಿ’ ಎಂಬಲ್ಲಿ ‘ವೃಕ್ಷಿ’ ಆಗುತ್ತದೆ, ‘ಅಮರ’ ಎಂಬಲ್ಲಿ ‘ಅವೃಕ್ಷ’ ಆಗುತ್ತದೆ. ಗುಣಿತದ ಚಿಹ್ನೆ ಬೇರೆ ಸಂಕೇತವಾದ್ದರಿಂದ ರೆಜೆಕ್ಸ್ ಅಕ್ಷರದ ನಡುವೆಯೇ ಕತ್ತರಿ ಆಡಿಸುತ್ತದೆ.

ಇದಕ್ಕೆ ಪಠ್ಯಪುಸ್ತಕಗಳು ಹೇಳುವ ಮದ್ದು ಪದದ ಗಡಿ, ಅಂದರೆ ಬ್ಯಾಕ್‌ಸ್ಲ್ಯಾಶ್-ಬಿ. ಪದದ ಎರಡೂ ಬದಿಗೆ ಇದನ್ನು ಹಾಕಿದರೆ ಇಡೀ ಪದ ಮಾತ್ರ ಸಿಗುತ್ತದೆ ಎಂಬುದು ಪಾಠ. ಇಂಗ್ಲಿಷ್‌ನಲ್ಲಿ ನಿಜ. ಕನ್ನಡದಲ್ಲಿ ಹೆಚ್ಚಿನ ತಪ್ಪುಗಳು ಹುಟ್ಟುವುದೇ ಇಲ್ಲಿಂದ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಬ್ಯಾಕ್‌ಸ್ಲ್ಯಾಶ್-ಬಿ ಸ್ವತಂತ್ರವಾಗಿ ಗಡಿ ಗುರುತಿಸುವುದಿಲ್ಲ. ಒಂದು ಬದಿಗೆ ‘ಪದದ ಸಂಕೇತ’, ಇನ್ನೊಂದು ಬದಿಗೆ ಪದದ್ದಲ್ಲದ ಸಂಕೇತ ಇದ್ದರೆ ನಡುವೆ ಗಡಿ ಇದೆ ಎನ್ನುತ್ತದೆ. ಪದದ ಸಂಕೇತ ಯಾವುದು ಎಂದು ತೀರ್ಮಾನಿಸುವುದು ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು. ಈ ತೀರ್ಮಾನ ಒಂದೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೊಂದು ಥರ.

ಜಾವಾಸ್ಕ್ರಿಪ್ಟ್‌ನಲ್ಲಿ ಇಂಗ್ಲಿಷ್‌ನ 26 ಅಕ್ಷರ (ದೊಡ್ಡವು, ಚಿಕ್ಕವು), 0ಯಿಂದ 9ರ ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ ಪದದ ಸಂಕೇತ. ಕನ್ನಡದ ಯಾವ ಅಕ್ಷರವೂ ಆ ಪಟ್ಟಿಯಲ್ಲಿಲ್ಲ. ಖಾಲಿ ಜಾಗವೂ ಪದದ್ದಲ್ಲ, ‘ಹ’ವೂ ಪದದ್ದಲ್ಲ, ಆದ್ದರಿಂದ ನಡುವೆ ಗಡಿಯೇ ಇಲ್ಲ. ಹಾಸನವನ್ನು ಎರಡು ಬ್ಯಾಕ್‌ಸ್ಲ್ಯಾಶ್-ಬಿ ನಡುವೆ ಇಟ್ಟರೆ ಕನ್ನಡ ಪಠ್ಯದಲ್ಲಿ ಅದು ಎಂದೂ ಸಿಗುವುದಿಲ್ಲ. ಎರಡೂ ಬದಿಗೆ ಇಂಗ್ಲಿಷ್ ಅಕ್ಷರವೋ ಅಂಕಿಯೋ ಅಂಟಿಕೊಂಡಿದ್ದರೆ ಮಾತ್ರ ಸಿಗುತ್ತದೆ, ಅಂದರೆ ಬೇಕಾದ್ದಕ್ಕೆ ಪೂರ್ತಿ ತಿರುಗಾಮುರುಗಾ. ಯೂನಿಕೋಡ್‌ಗೆಂದು ಇರುವ ಯು ಫ್ಲ್ಯಾಗ್ (ಪ್ಯಾಟರ್ನ್ ಜೊತೆ ಕೊಡುವ ಒಂದು ಆಯ್ಕೆ) ಹಾಕಿದರೂ ಈ ನಿಯಮ ಬದಲಾಗುವುದಿಲ್ಲ. ‘ಫ್ಲ್ಯಾಗ್ ಹಾಕಿದ್ದೇನೆ, ಆದರೂ ಬರುತ್ತಿಲ್ಲ’ ಎನ್ನುವವರು ಇದನ್ನು ತಿಳಿದಿರಬೇಕು.

ಪೈಥಾನ್‌ನ ಸಮಸ್ಯೆ ಇನ್ನೂ ಅಪಾಯಕಾರಿ, ಏಕೆಂದರೆ ಅಲ್ಲಿ ಅರ್ಧ ಕೆಲಸ ಸರಿಯಾಗಿಯೇ ನಡೆಯುತ್ತದೆ. ಅದರ ಜೊತೆಗೇ ಬರುವ ಆರ್-ಇ ಮಾಡ್ಯೂಲ್ ಕನ್ನಡದ ಸ್ವರ, ವ್ಯಂಜನಗಳನ್ನು ಪದದ ಸಂಕೇತ ಎಂದು ಒಪ್ಪುತ್ತದೆ. ಗುಣಿತದ ಚಿಹ್ನೆ, ಅನುಸ್ವಾರ, ಹಲಂತಗಳನ್ನು ಒಪ್ಪುವುದಿಲ್ಲ. ಪದಗಳನ್ನು ಬಿಡಿಸಲು ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಮುಂದೆ + (‘ಒಂದು ಅಥವಾ ಹೆಚ್ಚು’ ಎಂಬ ಚಿಹ್ನೆ) ಹಾಕಿ ‘ಚಿಕ್ಕಮಗಳೂರು’ ಕೊಟ್ಟರೆ ‘ಚ’, ‘ಕ’, ‘ಕಮಗಳ’, ‘ರ’ ಎಂಬ ನಾಲ್ಕು ಚೂರು ಕೈಗೆ ಬರುತ್ತದೆ. ‘ಹಾಸನ’ ಕೊಟ್ಟರೆ ‘ಹ’ ಮತ್ತು ‘ಸನ’. ಕನ್ನಡ ಪದಗಳ ಎಣಿಕೆ ಮಾಡುವ ಎಷ್ಟೋ ಪ್ರೋಗ್ರಾಮ್‌ಗಳ ಅಂಕಿಸಂಖ್ಯೆ ಈ ಒಂದೇ ಕಾರಣಕ್ಕೆ ಉಪಯೋಗಕ್ಕೆ ಬಾರದು.

ಗಡಿಯ ವಿಚಾರಕ್ಕೆ ಬಂದರೆ, ಪೈಥಾನ್‌ನಲ್ಲಿ ಬ್ಯಾಕ್‌ಸ್ಲ್ಯಾಶ್-ಬಿ ಹಾಕಿದ ‘ಹಾಸನ’ ಸಿಗುತ್ತದೆ. ಪದ ‘ಹ’ದಿಂದ ಶುರುವಾಗಿ ‘ನ’ದಲ್ಲಿ ಮುಗಿಯುತ್ತದೆ, ಎರಡೂ ಬರಿಯ ವ್ಯಂಜನ. ಪ್ರೋಗ್ರಾಮರ್ ಅಷ್ಟಕ್ಕೇ ತೃಪ್ತಿಪಟ್ಟು ಮುಂದೆ ಹೋಗುತ್ತಾರೆ. ಆದರೆ ‘ಬೇಲೂರು’ ಸಿಗುವುದಿಲ್ಲ! ಅದು ಕೊಂಬಿನಲ್ಲಿ ಮುಗಿಯುತ್ತದೆ, ಕೊಂಬು ಪದದ ಸಂಕೇತವಲ್ಲ, ಮುಂದಿನ ಖಾಲಿ ಜಾಗವೂ ಅಲ್ಲ, ಗಡಿ ಇಲ್ಲ. ಮೂಡಿಗೆರೆ, ಶೃಂಗೇರಿ, ಕಡೂರು, ಅರಸೀಕೆರೆ, ಚಿಕ್ಕಮಗಳೂರು ಯಾವುದೂ ಸಿಗದು. ಸಕಲೇಶಪುರ, ಕೊಪ್ಪ ಸಿಗುತ್ತವೆ. ಇಷ್ಟು ಸಾಲದೆಂಬಂತೆ ಗಡಿ ಹಾಕಿದ ಮೇಲೂ ‘ಸಿಂಹಾಸನ’ ಹಾಗೇ ಉಳಿದುಕೊಳ್ಳುತ್ತದೆ: ‘ಹ’ದ ಹಿಂದಿರುವ ಅನುಸ್ವಾರ ಪದದ್ದಲ್ಲ ಎಂದು ಪೈಥಾನ್ ಎಣಿಸುವುದರಿಂದ ಅದಕ್ಕೂ ‘ಹ’ಕ್ಕೂ ನಡುವೆ ಗಡಿ ಇದೆ ಎನ್ನುತ್ತದೆ. ‘ಹಾಸನಾಂಬೆ’ಯೂ ಹಾಗೇ, ‘ನ’ದ ಮುಂದಿನ ದೀರ್ಘ ಚಿಹ್ನೆಯಲ್ಲಿ ಗಡಿ ಕಾಣುತ್ತದೆ.

ಜಾವಾದಲ್ಲಿ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ಮೊದಲಿಂದಲೂ ಇಂಗ್ಲಿಷ್‌ಗೆ ಮಾತ್ರ. ಬ್ಯಾಕ್‌ಸ್ಲ್ಯಾಶ್-ಬಿ ಮಾತ್ರ ಯೂನಿಕೋಡ್ ನೋಡುತ್ತಿತ್ತು. 19ನೇ ಆವೃತ್ತಿಯಿಂದ ಅದನ್ನೂ ಇಂಗ್ಲಿಷ್‌ಗೆ ಸೀಮಿತ ಮಾಡಿದ್ದಾರೆ. ಹಳೆಯ ಕೋಡ್ ಅಪ್‌ಗ್ರೇಡ್ ಆದ ದಿನವೇ ಕನ್ನಡ ಹುಡುಕಾಟ ನಿಂತುಹೋದರೆ ಮೊದಲು ನೋಡಬೇಕಾದ ಜಾಗ ಇದು. ‘ಯೂನಿಕೋಡ್ ಕ್ಯಾರೆಕ್ಟರ್ ಕ್ಲಾಸ್’ ಎಂಬ ಫ್ಲ್ಯಾಗ್ ಹಾಕಿದರೆ ಗುಣಿತದ ಚಿಹ್ನೆಗಳೂ ಸೇರಿ ಎಲ್ಲ ಸರಿಯಾಗುತ್ತದೆ. ರಸ್ಟ್ ಭಾಷೆಯಲ್ಲಿ ಏನನ್ನೂ ಮಾಡಬೇಕಾಗಿಲ್ಲ, ಅದು ಚಿಹ್ನೆಗಳನ್ನೂ ಪದದೊಳಗೇ ಎಣಿಸುತ್ತದೆ.

ಹೆಚ್ಚಿನ ಕಡೆ ನಂಬಬಹುದಾದ ದಾರಿ, ಗಡಿಯನ್ನು ನಾವೇ ಬರೆಯುವುದು. ‘ಹಿಂದೆಯೂ ಕನ್ನಡದ ಸಂಕೇತ ಇರಬಾರದು, ಮುಂದೆಯೂ ಇರಬಾರದು’ ಎಂದು ಹೇಳಿದರೆ ಆಯಿತು:

(?<![ಂ-೯])ಕೊಪ್ಪ(?![ಂ-೯])

ಅನುಸ್ವಾರದಿಂದ (3202) ಕನ್ನಡದ ಒಂಬತ್ತರವರೆಗೆ (3311) ಇರುವ ಈ ವ್ಯಾಪ್ತಿಯಲ್ಲಿ ಸ್ವರ, ವ್ಯಂಜನ, ಗುಣಿತ, ಹಲಂತ, ಅಂಕಿ ಎಲ್ಲ ಬರುತ್ತವೆ. ಇದಕ್ಕೆ ಕೊಪ್ಪಳ ಸಿಗದು. ಕೊಪ್ಪದ ಜಾಗದಲ್ಲಿ ಹಾಸನವನ್ನು ಇಟ್ಟರೆ ಸಿಂಹಾಸನ, ಹಾಸನಾಂಬೆ ಎರಡೂ ಹೊರಗೆ, ಬೇಲೂರನ್ನು ಇಟ್ಟರೆ ಬೇಲೂರು ಒಳಗೆ. ಒಂದು ಎಚ್ಚರಿಕೆ: ಎಡಿಟರ್‌ನಲ್ಲಿ ಅನುಸ್ವಾರ ಹಿಂದಿನ ಆವರಣ ಚಿಹ್ನೆಗೆ ಅಂಟಿಕೊಂಡು ಕಾಣುತ್ತದೆ, ಕಾಪಿ ಮಾಡುವಾಗ ಕಳೆದುಹೋಗುವುದೂ ಉಂಟು. ಕೋಡ್‌ನಲ್ಲಿ ಚಿಹ್ನೆಯ ಬದಲು ಅದರ ಯೂನಿಕೋಡ್ ಸಂಖ್ಯೆಯನ್ನು ಎಸ್ಕೇಪ್ ರೂಪದಲ್ಲಿ ಬರೆಯುವುದು ಒಳ್ಳೆಯದು. ಇನ್ನೊಂದು, ಹಿಂದಕ್ಕೆ ನೋಡುವ ಲುಕ್‌ಬಿಹೈಂಡ್ ಜಾವಾಸ್ಕ್ರಿಪ್ಟ್‌ಗೆ ಬಂದದ್ದು 2018ರಲ್ಲಿ, ಸಫಾರಿ ಬ್ರೌಸರ್‌ಗೆ 2023ರ 16.4ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಐಫೋನ್‌ಗಳಲ್ಲಿ ಆ ಪ್ಯಾಟರ್ನ್ ಇರುವ ಸ್ಕ್ರಿಪ್ಟ್ ಓಡುವುದೇ ಇಲ್ಲ.

ಗಡಿ ಬಿಗಿಯಾದ ಕೂಡಲೇ ಇನ್ನೊಂದು ತೊಂದರೆ ಎದುರಾಗುತ್ತದೆ. ಕನ್ನಡದಲ್ಲಿ ಪದ ಒಂಟಿಯಾಗಿ ನಿಲ್ಲುವುದು ಅಪರೂಪ. ಹಾಸನದ, ಹಾಸನಕ್ಕೆ, ಹಾಸನದಲ್ಲಿ, ಹಾಸನದಿಂದ ಎಲ್ಲ ನಮಗೆ ಬೇಕು, ಬಿಗಿ ಗಡಿ ಅವನ್ನೆಲ್ಲ ತಳ್ಳಿಹಾಕುತ್ತದೆ. ಬೇಕಾದ ಪ್ರತ್ಯಯಗಳನ್ನು ಬರೆದೇ ಕೊಡಬೇಕು:

(?<![ಂ-೯])ಹಾಸನ(ದ|ಕ್ಕೆ|ದಲ್ಲಿ|ದಿಂದ|ವನ್ನು|ವೂ)?(?![ಂ-೯])

ಬೇಲೂರು, ಕಡೂರು, ಆಲೂರಿನಂಥ ಉಕಾರಾಂತ ಹೆಸರುಗಳಲ್ಲಿ ಇದು ಹೀಗೇ ನಡೆಯದು. ‘ಬೇಲೂರಿಗೆ’ ಎಂಬುದರಲ್ಲಿ ‘ಬೇಲೂರು’ ಇಲ್ಲವೇ ಇಲ್ಲ, ಕೊಂಬು ಹೋಗಿ ಗುಡಿಸು ಬಂದಿದೆ. ಆದ್ದರಿಂದ ‘ಬೇಲೂರ’ ಎಂಬಲ್ಲಿಗೆ ನಿಲ್ಲಿಸಿ, ಚಿಹ್ನೆಯಿಂದಲೇ ಪ್ರತ್ಯಯ ಶುರು ಮಾಡಬೇಕು. ಇಲ್ಲವೇ ‘ಬೇಲೂ’ ಎಂಬಲ್ಲಿಗೇ ನಿಲ್ಲಿಸಿ ‘ರು’, ‘ರಿಗೆ’, ‘ರಿನ’ ಎಂದು ಇಡೀ ಅಕ್ಷರಗಳನ್ನು ಕೊಟ್ಟರೆ ಓದಲೂ ಸುಲಭ:

(?<![ಂ-೯])ಬೇಲೂ(ರು|ರಿನ|ರಿಗೆ|ರಿನಲ್ಲಿ|ರಲ್ಲಿ|ರಿನಿಂದ|ರನ್ನು)(?![ಂ-೯])

| ಗೆರೆಯಿಂದ ಬೇರ್ಪಡಿಸಿದ ಪರ್ಯಾಯಗಳ ಕ್ರಮದ ಬಗ್ಗೆ ಒಂದು ಮಾತು. ರೆಜೆಕ್ಸ್ ಎಡದಿಂದ ಬಲಕ್ಕೆ ನೋಡಿ ಮೊದಲು ಹೊಂದಿದ್ದನ್ನು ಹಿಡಿದು ನಿಲ್ಲುತ್ತದೆ. ‘ರಿನ’ ಮೊದಲು, ‘ರಿನಲ್ಲಿ’ ಆಮೇಲೆ ಇದ್ದು ಕೊನೆಯ ಗಡಿ ಇಲ್ಲದಿದ್ದರೆ ‘ಬೇಲೂರಿನಲ್ಲಿ’ ಎಂಬುದರಲ್ಲಿ ‘ಬೇಲೂರಿನ’ ಮಾತ್ರ ಕತ್ತರಿಸಿ ಬರುತ್ತದೆ. ಕೊನೆಯ ಗಡಿ ಇದ್ದರೆ ಅದೇ ಹಿಂದೆ ಬಂದು ಉದ್ದದ್ದನ್ನು ಹುಡುಕುತ್ತದೆ. ಗಡಿ ಹಾಕಲಾಗದ ಕಡೆ ಉದ್ದದ್ದನ್ನು ಮೊದಲು ಬರೆಯಿರಿ.

ಪ್ರತ್ಯಯ ಸೇರಿಸುವಾಗ ಅರ್ಥವನ್ನೂ ನೋಡಬೇಕು. ಮಲೆನಾಡಿನ ಬೆಳೆಗಾರರಿಗೆ ಮೆಣಸು ಎಂದರೆ ಕಾಳುಮೆಣಸು. ‘ಮೆಣಸಿನ’ ಎಂಬ ರೂಪಕ್ಕೆ ಬಾಗಿಲು ತೆರೆದರೆ ‘ಮೆಣಸಿನ ಕಾಯಿ’ ಎಂದು ಬಿಡಿಸಿ ಬರೆದ ಬ್ಯಾಡಗಿಯ ದರವೆಲ್ಲ ಮೂಡಿಗೆರೆಯ ಪಟ್ಟಿಗೆ ಸೇರುತ್ತದೆ. ಮುಂಭಾಗದ ಗಡಿ ಬಿಗಿಯಾಗಿದ್ದರೆ ಒಟ್ಟಿಗೆ ಬರೆದ ‘ಕಾಳುಮೆಣಸು’, ‘ಕರಿಮೆಣಸು’ ತಪ್ಪಿಹೋಗುತ್ತವೆ. ಎರಡನ್ನೂ ಸೇರಿಸಿ ಹೀಗೆ ಬರೆಯಬಹುದು:

(?<![ಂ-೯])(ಕಾಳು *|ಕರಿ *)?ಮೆಣ(ಸು|ಸಿಗೆ|ಸಿನ(?! *ಕಾಯಿ))(?![ಂ-೯])

ಊರು, ಬೆಳೆ, ಇಲಾಖೆಗಳ ಹೆಸರಿಗೆ ಇಂಥ ಪಟ್ಟಿ ಸಾಕು. ಕ್ರಿಯಾಪದಗಳಿಗೆ, ಸಂಧಿಯಾದ ಉದ್ದ ಪದಗಳಿಗೆ ರೆಜೆಕ್ಸ್ ಸರಿಯಾದ ಸಾಧನವಲ್ಲ. ಅಲ್ಲಿ ಪದದ ಮೂಲರೂಪ ಬಿಡಿಸುವ ಬೇರೆ ತಂತ್ರಾಂಶವೇ ಬೇಕು. ರೆಜೆಕ್ಸ್‌ನಲ್ಲೇ ಸಂಧಿ ಬಿಡಿಸಲು ಹೊರಟವರ ಪ್ಯಾಟರ್ನ್ ಪುಟಗಟ್ಟಲೆ ಬೆಳೆದು ಕೊನೆಗೆ ಅವರಿಗೇ ಅರ್ಥವಾಗುವುದಿಲ್ಲ.

ಅರ್ಜಿ ನಮೂನೆಗಳಲ್ಲಿ ‘ಹೆಸರನ್ನು ಕನ್ನಡದಲ್ಲಿ ಬರೆಯಿರಿ’ ಎಂದು ಕೇಳಿ, ಬರೆದದ್ದು ಕನ್ನಡವೇ ಎಂದು ಪರೀಕ್ಷಿಸುವ ಕೋಡ್‌ನಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು [ಕ-ಳ]. ವರ್ಣಮಾಲೆಯಲ್ಲಿ ‘ಳ’ ಕೊನೆಯದು ಎಂಬ ನಂಬಿಕೆಯಿಂದ ಬರೆದದ್ದು. ಯೂನಿಕೋಡ್ ಕ್ರಮ ಬೇರೆ: ಯ, ರ, ಱ, ಲ, ಳ ಆದ ಮೇಲೆ ವ, ಶ, ಷ, ಸ, ಹ. ಹಾಗಾಗಿ ಈ ವ್ಯಾಪ್ತಿ ಕೊನೆಯ ಐದು ವ್ಯಂಜನಗಳನ್ನು ಬಿಟ್ಟುಬಿಡುತ್ತದೆ. ಹಾಸನದ ‘ಹ’ವೂ ಇಲ್ಲ, ‘ಸ’ವೂ ಇಲ್ಲ. ಇನ್ನೊಂದು [ಅ-ಹ]. ವ್ಯಂಜನಗಳೇನೋ ಎಲ್ಲ ಬಂದವು, ಆದರೆ ಗುಣಿತದ ಚಿಹ್ನೆ ಮತ್ತು ಹಲಂತ ‘ಹ’ದ ನಂತರ, ಅನುಸ್ವಾರ ಮತ್ತು ವಿಸರ್ಗ ‘ಅ’ಕ್ಕಿಂತ ಮೊದಲು ಕೂತಿವೆ. ಇದರಲ್ಲಿ ‘ಕಮಲ’, ‘ಗಗನ’ ಪಾಸು, ‘ಗೀತಾ’, ‘ಶಂಕರ’ ಫೇಲು. ಹಳಗನ್ನಡ ಶಾಸನಗಳ ಪಠ್ಯವನ್ನು ಗಣಕಕ್ಕೆ ಏರಿಸುವವರು ಱ, ೞ ಎರಡೂ ಒಳಗೆ ಬರುವಂತೆ ನೋಡಬೇಕು. ೞ ಕೂತಿರುವುದು ಹಲಂತವನ್ನೂ ದಾಟಿ 3294ರಲ್ಲಿ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ‘ಫ’ (FA) ಎಂದು ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬ ನಿಯಮದಿಂದ ಅದು ಹಾಗೇ ಉಳಿದಿದೆ. ಹೆಸರಿನಿಂದ ಹುಡುಕುವವರು ಇದನ್ನು ನೆನಪಿಡಬೇಕು.

ಚೌಕ ಆವರಣದ ಬಗ್ಗೆ ಮತ್ತೊಂದು: [ಹಾಸನ] ಎಂದರೆ ಹಾಸನ ಎಂಬ ಪದವಲ್ಲ, ಆ ನಾಲ್ಕು ಸಂಕೇತಗಳಲ್ಲಿ ಯಾವುದಾದರೂ ಒಂದು. ಪದಗಳ ಗುಂಪಿಗೆ ದುಂಡು ಆವರಣ, (ಹಾಸನ|ಬೇಲೂರು). ಆ ದುಂಡು ಆವರಣವನ್ನೂ ಮರೆತು ^ಹಾಸನ|ಬೇಲೂರು$ ಎಂದು ಬರೆದರೆ ‘ಹಾಸನದಿಂದ ಶುರುವಾಗುವ ಸಾಲು, ಅಥವಾ ಬೇಲೂರಿನಿಂದ ಮುಗಿಯುವ ಸಾಲು’ ಎಂದಾಗುತ್ತದೆ. ^(ಹಾಸನ|ಬೇಲೂರು)$ ಎಂದಿರಬೇಕು.

ಪ್ಯಾಟರ್ನ್ ಸರಿಯಿದ್ದೂ ಪದ ಸಿಗದಿದ್ದರೆ ಪಠ್ಯವನ್ನೇ ಪರೀಕ್ಷಿಸಿ. ಕಣ್ಣಿಗೆ ಒಂದೇ ಥರ ಕಾಣುವ ‘ಕೊಪ್ಪ’ವನ್ನು ಎರಡು ರೀತಿ ಸಂಗ್ರಹಿಸಬಹುದು. ‘ಕೊ’ ಎಂಬುದು ‘ಕ’ ಮತ್ತು 3274 ಆಗಿರಬಹುದು, ಇಲ್ಲವೇ ‘ಕ’, 3270, 3266 ಎಂಬ ಮೂರು ಸಂಕೇತ ಆಗಿರಬಹುದು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಹುಡುಕುವ ಪದ, ಹುಡುಕಬೇಕಾದ ಪಠ್ಯ ಎರಡನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದರೆ ಈ ವ್ಯತ್ಯಾಸ ಹೋಗುತ್ತದೆ. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಇದಕ್ಕೆ ‘ನಾರ್ಮಲೈಸ್’ ಎಂಬ ಸಿದ್ಧ ಫಂಕ್ಷನ್ ಇದೆ.

ಎನ್‌ಎಫ್‌ಸಿಯೂ ಸರಿಪಡಿಸದ ತಪ್ಪು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಅಂಗಡಿ’ ಎಂದು ಟೈಪಿಸುವ ಬದಲು ‘ಅ೦ಗಡಿ’ ಎಂದು ಟೈಪಿಸಿದ ಪಠ್ಯ ಅಂತರ್ಜಾಲದಲ್ಲಿ ಬೇಕಾದಷ್ಟಿದೆ. ನೋಡಲು ಒಂದೇ, ಆದರೆ ಅನುಸ್ವಾರ 3202, ಸೊನ್ನೆ 3302. ಶೃಂಗೇರಿ ಸಿಗದಿರುವುದಕ್ಕೆ ಇದೂ ಕಾರಣ ಇರಬಹುದು. ‘ಹಿಂದೆ ಕನ್ನಡದ ಅಕ್ಷರವೋ ಗುಣಿತವೋ ಇರುವ ಸೊನ್ನೆ’ಯನ್ನೆಲ್ಲ ಅನುಸ್ವಾರ ಮಾಡಿ. ‘೨೦’ರಂಥ ನಿಜವಾದ ಸೊನ್ನೆಯ ಹಿಂದೆ ಅಂಕಿ ಇರುವುದರಿಂದ ಅದಕ್ಕೆ ಧಕ್ಕೆ ಆಗದು.

ಮೂರನೆಯದು ಕಣ್ಣಿಗೇ ಕಾಣದ ಸಂಕೇತ. ‘ಪಾರ್ಚ್‌ಮೆಂಟ್’, ‘ಸಾಫ್ಟ್‌ವೇರ್’ ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯಲು 8204 ಎಂಬ ಜೋಡಿಸದ ಚಿಹ್ನೆ ಹಾಕುತ್ತೇವೆ. ‘ರ‍್ಯಾಲಿ’ ಎಂಬಲ್ಲಿ 8205 ಹಾಕುತ್ತೇವೆ. ಕೆಲವರು ಹಾಕುವುದಿಲ್ಲ. ಹೋಲಿಸುವ ಮೊದಲು ಎರಡೂ ಕಡೆಯಿಂದ ಇವನ್ನು ತೆಗೆದುಹಾಕಿ. ಆದರೆ ತೆಗೆಯುವುದು ಹುಡುಕಾಟದ ಪ್ರತಿಯಲ್ಲಿ ಮಾತ್ರ. ಮೂಲ ಪಠ್ಯದಲ್ಲಿ ತೆಗೆದರೆ ಓದುಗರಿಗೆ ತಪ್ಪು ಒತ್ತಕ್ಷರ ಕಾಣುತ್ತದೆ. ಊರ ಹೆಸರಿನ ಬರವಣಿಗೆಯೇ ಎರಡು ಥರ ಇದ್ದರೆ, ಉದಾಹರಣೆಗೆ ಹಳೇಬೀಡು ಮತ್ತು ಹಳೆಬೀಡು, ತರೀಕೆರೆ ಮತ್ತು ತರಿಕೆರೆ, ಎರಡನ್ನೂ ಬರೆಯದೆ ಬೇರೆ ದಾರಿ ಇಲ್ಲ.

ಚುಕ್ಕಿಯ ತಪ್ಪು ಎಲ್ಲ ಭಾಷೆಗೂ ಒಂದೇ. ‘ಎನ್.ಆರ್.ಪುರ’ ಎಂದು ಪ್ಯಾಟರ್ನ್‌ನಲ್ಲಿ ಬರೆದರೆ ಆ ಚುಕ್ಕಿಗಳು ಯಾವ ಸಂಕೇತಕ್ಕೂ ಹೊಂದುತ್ತವೆ, ದರದಲ್ಲಿ ‘12.50’ ಎಂದರೆ ‘12550’ ಕೂಡ ಸಿಗುತ್ತದೆ. ಚುಕ್ಕಿಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಬೇಕು. ಪೈಥಾನ್‌ನಲ್ಲಿ ತೆರೆಯುವ ಉಲ್ಲೇಖ ಚಿಹ್ನೆಯ ಹಿಂದೆ ಆರ್ ಅಕ್ಷರ ಹಾಕುವುದನ್ನು ಮರೆತರೆ ಬ್ಯಾಕ್‌ಸ್ಲ್ಯಾಶ್-ಬಿ ಪದದ ಗಡಿ ಆಗದೆ ಬ್ಯಾಕ್‌ಸ್ಪೇಸ್ ಸಂಕೇತವಾಗುತ್ತದೆ. ಎರರ್ ಬರುವುದಿಲ್ಲ, ಫಲಿತಾಂಶವೂ ಬರುವುದಿಲ್ಲ. ಕಾಫಿ ದರದ ಸಾಲಿನಲ್ಲಿ ‘ಅರೇಬಿಕಾ.*ರೂ’ ಎಂದರೆ ಅದೇ ಸಾಲಿನ ರೊಬಸ್ಟಾವನ್ನೂ ನುಂಗಿ ಕೊನೆಯ ‘ರೂ’ವರೆಗೆ ಹೋಗುತ್ತದೆ. ನಕ್ಷತ್ರದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಮೊದಲ ‘ರೂ’ಗೇ ನಿಲ್ಲುತ್ತದೆ. ಅಂಕಿಗಳಿಗೆ ಬಳಸುವ ಬ್ಯಾಕ್‌ಸ್ಲ್ಯಾಶ್-ಡಿ ಪೈಥಾನ್‌ನಲ್ಲಿ ೫೭೩೨೦೧ ಎಂಬ ಪಿನ್‌ಕೋಡನ್ನೂ ಒಪ್ಪುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ 573201 ಮಾತ್ರ.

ಸರ್ವರನ್ನೇ ನಿಲ್ಲಿಸುವ ತಪ್ಪನ್ನು ಹೇಳದೆ ಬಿಡಲಾಗದು. ‘ಕನ್ನಡ ಪದಗಳು, ನಡುವೆ ಖಾಲಿ ಜಾಗ ಇರಬಹುದು’ ಎಂಬುದಕ್ಕೆ ಎಷ್ಟೋ ಜನ ^([ಂ-೯]+ ?)+$ ಎಂದು ಬರೆಯುತ್ತಾರೆ. + ಒಳಗೆ ಇನ್ನೊಂದು +. ಪಠ್ಯದ ಕೊನೆಯಲ್ಲಿ ಒಂದು ಅಲ್ಪವಿರಾಮ ಇದ್ದರೆ ಸಾಕು, ಹೊಂದಿಕೆ ವಿಫಲವಾಗುವ ಮುನ್ನ ಪದವನ್ನು ಒಡೆಯಬಹುದಾದ ಎಲ್ಲ ರೀತಿಯನ್ನೂ ಯಂತ್ರ ಪ್ರಯತ್ನಿಸುತ್ತದೆ. ಒಂದೊಂದು ಸಂಕೇತ ಹೆಚ್ಚಾದಂತೆ ಕೆಲಸ ದುಪ್ಪಟ್ಟು. 30 ಸಂಕೇತಗಳ ಪದಕ್ಕೆ 50 ಕೋಟಿಗೂ ಹೆಚ್ಚು ರೀತಿಗಳಿವೆ. ಆರು ಅಕ್ಷರದ ಊರಿಗೇ ಹನ್ನೊಂದು ಸಂಕೇತ ಬೇಕಾಗುವ ನಮ್ಮ ಭಾಷೆಯಲ್ಲಿ 30 ದೂರವಿಲ್ಲ. ^[ಂ-೯]+( [ಂ-೯]+)*$ ಎಂದು ಬರೆದರೆ ಒಡೆಯಲು ಒಂದೇ ದಾರಿ ಉಳಿಯುತ್ತದೆ. ದೊಡ್ಡವರೂ ಇಂಥದ್ದರಲ್ಲಿ ಬಿದ್ದಿದ್ದಾರೆ: 2016ರ ಜುಲೈ 20ರಂದು ಸ್ಟಾಕ್ ಓವರ್‌ಫ್ಲೋ ತಾಣ 34 ನಿಮಿಷ ನಿಂತಿತ್ತು, 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್‌ನ ಸೇವೆ 27 ನಿಮಿಷ ಕೈಕೊಟ್ಟಿತ್ತು. ಎರಡಕ್ಕೂ ಕಾರಣ ಒಂದೊಂದು ರೆಜೆಕ್ಸ್.

ನಮ್ಮ ಕಾಲೇಜುಗಳ ಪ್ರೋಗ್ರಾಮಿಂಗ್ ಲ್ಯಾಬ್‌ಗಳಲ್ಲಿ ರೆಜೆಕ್ಸ್ ಕಲಿಸುವವರಲ್ಲಿ ಒಂದು ಬೇಡಿಕೆ. ಇಂಗ್ಲಿಷ್ ವಾಕ್ಯದ ಜೊತೆಗೆ ಕನ್ನಡದ ಪರೀಕ್ಷಾ ಪಟ್ಟಿಯನ್ನೂ ಕಡ್ಡಾಯ ಮಾಡಿ. ಅದರಲ್ಲಿ ವ್ಯಂಜನದಲ್ಲಿ ಮುಗಿಯುವ ಪದ, ಗುಣಿತದಲ್ಲಿ ಮುಗಿಯುವ ಪದ, ಅನುಸ್ವಾರದ ನಂತರ ಹುಡುಕುವ ಪದ ಬರುವ ಉದಾಹರಣೆ, ಒಡೆದ ‘ಕೊ’, ಸೊನ್ನೆ ಹಾಕಿದ ‘ಶೃ೦ಗೇರಿ’, 8204 ಇರುವ ಮತ್ತು ಇಲ್ಲದ ‘ಪಾರ್ಚ್‌ಮೆಂಟ್’ ಇಷ್ಟಾದರೂ ಇರಲಿ. ಸಿಗಬೇಕಾದ್ದು ಸಿಕ್ಕಿತೇ ಎಂದಷ್ಟೇ ಅಲ್ಲ, ಸಿಗಬಾರದ್ದು ಸಿಗಲಿಲ್ಲವೇ ಎಂಬುದಕ್ಕೂ ಅಂಕ ಕೊಡಿ. ಕನ್ನಡದಲ್ಲಿ ಹುಡುಕಿ ಸಿಗದೆ ಇಂಗ್ಲಿಷ್ ಅಕ್ಷರದಲ್ಲಿ ಊರ ಹೆಸರು ಟೈಪಿಸುವ ಅಭ್ಯಾಸಕ್ಕೆ ನಮ್ಮ ಜನ ಬಿದ್ದಿರುವುದು ನೋವಿನ ಸಂಗತಿ, ಮತ್ತು ಅದು ತಪ್ಪಿಸಬಹುದಾದದ್ದು.

ಈಗಾಗಲೇ ತಾಣ ನಡೆಸುತ್ತಿರುವವರಿಗೆ ಎರಡು ಸೂಚನೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದು ಆವೃತ್ತಿ 8.0.4ಕ್ಕಿಂತ ಹಿಂದಿನದಾಗಿದ್ದರೆ ಅದರ ರೆಜೆಕ್ಸ್ ಬೈಟ್‌ಗಳನ್ನು ನೋಡುತ್ತದೆ, ಸಂಕೇತಗಳನ್ನಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್, ಹಾಗಾಗಿ ಮೇಲಿನ ಯಾವ ವ್ಯಾಪ್ತಿಯೂ ಅಲ್ಲಿ ಸರಿಯಾಗಿ ಕೆಲಸ ಮಾಡದು. ಗೋ ಭಾಷೆಯಲ್ಲಿ ಬರೆದ ಸರ್ವರ್ ಆಗಿದ್ದರೆ ಹಿಂದೆ-ಮುಂದೆ ನೋಡುವ ಸೌಲಭ್ಯವೇ ಇಲ್ಲ, (^|[^ಂ-೯])ಕೊಪ್ಪ([^ಂ-೯]|$) ಎಂದು ಬರೆಯಬೇಕಾಗುತ್ತದೆ. ಆಗ ನಡುವಿನ ಖಾಲಿ ಜಾಗವನ್ನು ಮೊದಲ ಹೊಂದಿಕೆಯೇ ತೆಗೆದುಕೊಂಡುಬಿಡುವುದರಿಂದ ‘ಕೊಪ್ಪ ಕೊಪ್ಪ’ ಎಂದು ಒಂದರ ಪಕ್ಕ ಒಂದು ಬಂದರೆ ಎರಡನೆಯದು ಎಣಿಕೆಗೆ ಸಿಗದು. ಎಣಿಕೆ ಬೇಕಿದ್ದರೆ ಹೊಂದಿಕೆ ಆದ ಮೇಲೆ ಒಂದು ಸಂಕೇತ ಹಿಂದಕ್ಕೆ ಬಂದು ಅಲ್ಲಿಂದ ಮತ್ತೆ ಹುಡುಕಲು ಹೇಳಿ.

ಇಂತಿ,
ಕನ್ನಡ ತಂತ್ರಾಂಶದ ಕೆಲಸದಲ್ಲಿರುವ ಓದುಗರು,
ಹಾಸನ